ಹೈಡ್ರಿಲ್ಲಾ ಎಲೆಯಲ್ಲಿ ಕ್ಲೋರೋಪ್ಲಾಸ್ಟ್‌ಗಳು ಕದಲುತ್ತಲೇ ಇಲ್ಲ

ಜಲಸಸ್ಯ:
ಮೂರು ಭಾನುವಾರ ಹಾಳಾದವು. ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆಯಲ್ಲಿ ಕೋಶದ್ರವ್ಯ ಹರಿಯುವುದನ್ನು ಮಗಳಿಗೆ ತೋರಿಸೋಣವೆಂದರೆ ಕ್ಲೋರೋಪ್ಲಾಸ್ಟ್ ಕಣಗಳು ಗೋಡೆಗೆ ಅಂಟಿಸಿದಂತೆ ನಿಂತಿವೆ. 400 ಪಟ್ಟು ವರ್ಧನೆ. ಸ್ಲೈಡ್ ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದೇನೆ. ಇದೇ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಪೊರೆಯ ಕೋಶಕೇಂದ್ರ ಚೆನ್ನಾಗಿ ಕಂಡಿತ್ತು. ಎಲ್ಲಿ ತಪ್ಪುತ್ತಿದೆ?

ಮಸೂರಪ್ರಿಯ:
ಕಂಡೆನ್ಸರ್. ಸ್ಲೈಡಿನ ಕೆಳಗೆ ಬೆಳಕನ್ನು ಕೇಂದ್ರೀಕರಿಸುವ ಆ ಮಸೂರದ ಡಯಾಫ್ರಮ್ (ಬೆಳಕಿನ ಕಿಂಡಿ) ಪೂರ್ತಿ ತೆರೆದಿದ್ದರೆ ಕೋಶದ್ರವ್ಯ ಬೆಳಕಿನಲ್ಲಿ ಕರಗಿಹೋಗುತ್ತದೆ. ಸ್ವಲ್ಪ ಮುಚ್ಚಿ ನೋಡಿ.

ಜಲಸಸ್ಯ:
ಮುಚ್ಚಿದೆ. ಅಂಚುಗಳು ಕಪ್ಪಾದವು, ಅಷ್ಟೇ.

ಮಸೂರಪ್ರಿಯ:
ಹಾಗಾದರೆ ಕಂಡೆನ್ಸರ್ ಎತ್ತರ. ಒಂದೆರಡು ಮಿಲಿಮೀಟರ್ ಇಳಿಸಿ. ನಾನು ಹೋದ ವರ್ಷ ಪಾರದರ್ಶಕ ಭಾಗಗಳನ್ನೂ ಎದ್ದು ಕಾಣಿಸುವ ಫೇಸ್ ಕಾಂಟ್ರಾಸ್ಟ್ ಸಾಧನ ಜೋಡಿಸಿಕೊಂಡ ಮೇಲೆ ಬಣ್ಣ ಹಾಕದೆಯೇ ಕೆನ್ನೆಯ ಕೋಶದಲ್ಲಿ ಮೈಟೊಕಾಂಡ್ರಿಯಾ ನೋಡುತ್ತಿದ್ದೇನೆ.

ಕೆರೆದಂಡೆ:
ಅದನ್ನು ಒಪ್ಪುವುದು ಕಷ್ಟ. ಕೆನ್ನೆಯಿಂದ ಕೆರೆದ ಕೋಶಗಳು ಬಹುಪಾಲು ಸಾಯುವ ಹಂತದವು. ನೀವು ನೋಡಿದ ಚುಕ್ಕೆಗಳು ಬ್ಯಾಕ್ಟೀರಿಯಾ ಇರಬಹುದು. ಮೈಟೊಕಾಂಡ್ರಿಯಾಕ್ಕೆ ಹಿಡಿಯುವ ಜೇನಸ್ ಗ್ರೀನ್ ಬಿ ಬಣ್ಣ ಹಾಕಿ ಖಚಿತಪಡಿಸಿಕೊಂಡಿದ್ದೀರಾ?

ಮಸೂರಪ್ರಿಯ:
ಮೈಟೊಕಾಂಡ್ರಿಯಾದ ಅಗಲ ಸುಮಾರು ಅರ್ಧ ಮೈಕ್ರೊಮೀಟರ್. ಬೆಳಕಿನ ಸೂಕ್ಷ್ಮದರ್ಶಕದ ಮಿತಿ ಸುಮಾರು 0.2. ಏಕೆ ಕಾಣಬಾರದು?

ಕೆರೆದಂಡೆ:
ಗಾತ್ರದ ಪ್ರಶ್ನೆಯಲ್ಲ. ಅದೇ ಗಾತ್ರದ ಬೇರೆ ಕಣದಿಂದ ಅದನ್ನು ಹೇಗೆ ಬೇರ್ಪಡಿಸಿದಿರಿ ಎಂದು ಕೇಳುತ್ತಿದ್ದೇನೆ.

ಹಳೆಯ_ಡೆಮಾನ್‌ಸ್ಟ್ರೇಟರ್:
ಇಬ್ಬರೂ ದಯವಿಟ್ಟು ಮೂಲ ಪ್ರಶ್ನೆಗೆ ಬನ್ನಿ. ಕಾಣದಿರುವುದು ಬೇರೆ, ಕದಲದಿರುವುದು ಬೇರೆ. ಕಣಗಳು ಅವರಿಗೆ ಕಾಣುತ್ತಿವೆ. ಜಲಸಸ್ಯ ಅವರೇ, ಸ್ಲೈಡಿನ ಮೇಲೆ ಏನು ಹಾಕಿದಿರಿ? ಕಣಗಳ ಬಣ್ಣ ಯಾವುದು?

ಜಲಸಸ್ಯ:
ಒಂದು ಹನಿ ಅಯೋಡಿನ್, ಈರುಳ್ಳಿಗೆ ಹಾಕುವಂತೆಯೇ. ಬಣ್ಣ ಕಂದುಗಪ್ಪು.

ಹಳೆಯ_ಡೆಮಾನ್‌ಸ್ಟ್ರೇಟರ್:
ಅಲ್ಲಿಯೇ ಕೆಲಸ ಕೆಟ್ಟಿದೆ. ಅಯೋಡಿನ್ ಕೋಶವನ್ನು ಕೊಲ್ಲುತ್ತದೆ. ಈರುಳ್ಳಿಯಲ್ಲಿ ಕೋಶಕೇಂದ್ರಕ್ಕೆ ಬಣ್ಣ ಬಂದರೆ ಸಾಕು, ಕೋಶ ಸತ್ತರೂ ಚಿಂತೆಯಿಲ್ಲ. ಇಲ್ಲಿ ಜೀವವಿರಲೇಬೇಕು: ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳ ಮೇಲೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಎಳೆದುಕೊಂಡು ಹೋಗುವುದರಿಂದಲೇ ಆ ಹರಿವು, ಅದಕ್ಕೆ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಬೇಕು. ಇಟಲಿಯ ವಿಜ್ಞಾನಿ ಕೊರ್ತಿ 1774ರಲ್ಲಿ ಈ ಚಲನೆಯನ್ನು ವರದಿ ಮಾಡಿದ್ದೂ ಬದುಕಿದ್ದ ಜಲಸಸ್ಯದಲ್ಲಿ. ಎಳೆಯ ಎಲೆಯನ್ನು ಅದು ಬೆಳೆದ ನೀರಿನಲ್ಲಿಯೇ ಇಟ್ಟು, ಹತ್ತಿಪ್ಪತ್ತು ನಿಮಿಷ ಬೆಳಕಿಗೆ ಒಡ್ಡಿ, ನಡುನರದ ಪಕ್ಕದ ಉದ್ದ ಕೋಶಗಳನ್ನು ನೋಡಿ. ಕೋಶದ ನಡುವೆ ಹುಡುಕಬೇಡಿ. ಅಲ್ಲಿ ರಸದಾನಿಯೇ (ರಸ ತುಂಬಿದ ಚೀಲ, ವ್ಯಾಕ್ಯೂಲ್) ತುಂಬಿರುತ್ತದೆ, ಕೋಶದ್ರವ್ಯ ಭಿತ್ತಿಯ ಒಳಗೆ ತೆಳುವಾದ ಪದರವಾಗಿ ಉಳಿದಿರುತ್ತದೆ.

ಮಸೂರಪ್ರಿಯ:
ಆದರೂ ಕಂಡೆನ್ಸರ್ ಇಳಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಜಲಸಸ್ಯ:
ಹರಿಯುತ್ತಿದೆ! ನಡುನರದ ಬಳಿ ಹಸಿರು ಕಣಗಳು ಸಾಲಾಗಿ ಅಂಚು ಸುತ್ತುತ್ತಿವೆ. ಮಗಳು ಕಣ್ಣು ತೆಗೆಯುತ್ತಿಲ್ಲ. ಎಲೆಯ ತುದಿಯಲ್ಲಿ ಮಾತ್ರ ಇನ್ನೂ ನಿಂತಿವೆ. ಅದೇಕೆ?

ಕಾಲುವೆ:
ನನಗೂ ಇದೇ ತೊಂದರೆ. ಅಯೋಡಿನ್ ಹಾಕಿಲ್ಲ. ಗಿಡವನ್ನು ನಿನ್ನೆಯಿಂದ ಫ್ರಿಜ್‌ನಲ್ಲಿ ಇಟ್ಟಿದ್ದೆ.