ಸಮುದಾಯ ತೋಟದಲ್ಲಿ 60 ಅಡಿ ಚಪ್ಪಡಿ ದಾರಿ: ತಳಕ್ಕೆ ಏನು, ಎಷ್ಟು?

ಬಡಾವಣೆ ತೋಟ, ತುಮಕೂರು
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸಮುದಾಯ ತೋಟದಲ್ಲಿ ಗೇಟಿನಿಂದ ನೀರಿನ ತೊಟ್ಟಿವರೆಗೆ 60 ಅಡಿ ಉದ್ದ, 4 ಅಡಿ ಅಗಲದ ದಾರಿ ಆಗಬೇಕಿದೆ. ಮೊದಲ 40 ಅಡಿ ಗಟ್ಟಿ ಕೆಮ್ಮಣ್ಣು. ತೊಟ್ಟಿ ಕಡೆಯ 20 ಅಡಿಗೆ ಹಿಂದೆ ಯಾವಾಗಲೋ ಕೆರೆಗೋಡು ತುಂಬಿದ್ದಾರೆ, ಮಳೆ ಬಂದರೆ ಕಾಲು ಹೂತುಹೋಗುತ್ತೆ. ಗೊಬ್ಬರದ ಕೈಗಾಡಿ ಓಡಾಡಬೇಕು, ಗಾಲಿಕುರ್ಚಿಯಲ್ಲಿ ಬರುವ ಹಿರಿಯರೂ ಇದ್ದಾರೆ. ಕಾಂಕ್ರೀಟ್ ಬೇಡ, 2 ಇಂಚಿನ ಚಪ್ಪಡಿ ಹಾಸೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಸಾಮಾನು ಎಷ್ಟು ತರಿಸಬೇಕು? ಸಂದಿಗೆ ಸಿಮೆಂಟ್ ತುಂಬಬಹುದಾ?

ಕಲ್ಲುಕೆಲಸ
ಸರ್, ಚಪ್ಪಡಿ ದಾರಿ ಕೆಡುವುದು ಕಲ್ಲಿನಿಂದಲ್ಲ, ತಳದಿಂದ. ಬರೀ ಜಲ್ಲಿ ಹಾಕಿ ಮೇಲೆ ಕಲ್ಲುಪುಡಿ ಹರಡಿದರೆ ಎರಡು ಮಳೆಗೆ ಪುಡಿಯೆಲ್ಲ ಜಲ್ಲಿ ಸಂದಿಗೆ ಇಳಿದು ಕಲ್ಲು ಅಲ್ಲಾಡೋಕೆ ಶುರುವಾಗುತ್ತೆ. ಅದಕ್ಕೇ ಜಲ್ಲಿ, ಪುಡಿ ಬೆರೆತೇ ಬರುವ ವೆಟ್ ಮಿಕ್ಸ್ ತರಿಸಿ.

ಕೆಮ್ಮಣ್ಣಿನ ಕಡೆ 7 ಇಂಚು ಅಗೆಯಿರಿ: 4 ಇಂಚು ವೆಟ್ ಮಿಕ್ಸ್, ಒಂದೂವರೆ ಇಂಚು ಕಲ್ಲುಪುಡಿ, 2 ಇಂಚು ಕಲ್ಲು. ದಾರಿ ನೆಲಕ್ಕಿಂತ ಅರ್ಧ ಇಂಚು ಮೇಲಿರಬೇಕು. ಕೆರೆಗೋಡಿನ ಕಡೆ 11 ಇಂಚು ತೆಗೆದು, ತಳಕ್ಕೂ ಎರಡು ಬದಿಗೂ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ವೆಟ್ ಮಿಕ್ಸನ್ನು 8 ಇಂಚು ಮಾಡಿ. ಕಂಬಳಿ ಥರ ಇರುವ, ನೇಯದ ಬಟ್ಟೆ ಕೇಳಿ. 20 ಅಡಿ ಉದ್ದ, 6 ಅಡಿ ಅಗಲ ಸಾಕು. ಬಟ್ಟೆ ಇಲ್ಲದಿದ್ದರೆ ಗೋಡು ನೆನೆದಾಗ ಜಲ್ಲಿಯನ್ನು ನುಂಗುತ್ತೆ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ, ಅದರ ಮೇಲೆ ನೀರು ನಿಂತು ಪುಡಿ ಕೆಸರಾಗುತ್ತೆ.

ಲೆಕ್ಕ: 240 ಚದರಡಿಗೆ 4 ಇಂಚು ವೆಟ್ ಮಿಕ್ಸ್ ಅಂದರೆ 80 ಸಿಎಫ್‌ಟಿ (ಘನ ಅಡಿ). ದಮ್ಮಸಿಗೆ ಇಳಿಯುವುದನ್ನು ಸೇರಿಸಿ 100, ಗೋಡಿನ ಕಡೆಗೆ ಇನ್ನೂ 35. ಕಲ್ಲುಪುಡಿ 40 ಸಿಎಫ್‌ಟಿ. ಟ್ರ್ಯಾಕ್ಟರ್ ಬಂದಾಗ ಟ್ರೈಲರಿನ ಒಳಗಿನ ಉದ್ದ, ಅಗಲ, ಎತ್ತರ ಟೇಪಿನಲ್ಲಿ ಅಳೆದೇ ಇಳಿಸಿಕೊಳ್ಳಿ. 2×2 ಅಡಿಯ ಕಲ್ಲು 60, ಒಡೆಯುವುದಕ್ಕೆ 3 ಹೆಚ್ಚಿಗೆ. ಒಂದೊಂದೂ ಸುಮಾರು 50 ಕೆಜಿ ಇರುತ್ತೆ, ಒಬ್ಬರೇ ಎತ್ತಬಾರದು. ನಾಲ್ಕೂ ಬದಿ ಮಿಷನ್ ಕಟ್ ಆಗಿರಲಿ, ಮೇಲ್ಮೈ ಒರಟಾಗಿರಲಿ. ಪಾಲಿಷ್ ಕಲ್ಲು ಮಳೆಯಲ್ಲಿ ಜಾರುತ್ತೆ.

ವೆಟ್ ಮಿಕ್ಸನ್ನು ಒಂದೇ ಸಲ ಸುರಿಯದೆ 2 ಇಂಚು ಹರಡಿ, ದಮ್ಮಸು ಮಾಡಿ, ಮತ್ತೆ 2 ಇಂಚು. ಹದ ಕೈಗೇ ಗೊತ್ತಾಗುತ್ತೆ: ಮುಷ್ಟಿ ಬಿಗಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು.

ಇಳಿಜಾರು ಮರೆಯಬೇಡಿ. 4 ಅಡಿ ಅಗಲಕ್ಕೆ 1 ಇಂಚು, ಮಡಿಗಳ ಕಡೆಗೆ. ನೀರು ಬೇಕಿರುವುದು ಅಲ್ಲಿಗೇ. ರಸಮಟ್ಟ ಇಟ್ಟು ಪ್ರತಿ ಸಾಲಿಗೂ ನೋಡಿ. ಅಂಚುಗಲ್ಲು ನಿಲ್ಲಿಸುವುದಾದರೆ ಅಗೆತ ಬದಿಗೆ 3 ಇಂಚು ಹೆಚ್ಚಿರಲಿ, ಅಂಚುಗಲ್ಲಿನ ತಲೆ ಚಪ್ಪಡಿ ಮಟ್ಟಕ್ಕೇ ಇರಲಿ. ಅದು ಮೇಲೆದ್ದರೆ ದಾರಿಯೇ ಕಾಲುವೆ.

ಸಂದಿಗೆ ಸಿಮೆಂಟ್ ಬೇಡ. ಪುಡಿಯ ಮೇಲೆ ಕೂತ ಕಲ್ಲು ಸ್ವಲ್ಪವಾದರೂ ಕದಲುತ್ತೆ, ಸಿಮೆಂಟ್ ಬಿರುಕು ಬಿಟ್ಟು ಹಕ್ಕಳೆ ಏಳುತ್ತೆ. ಕಾಲು ಇಂಚು ಸಂದಿ ಬಿಟ್ಟು ಒಣ ಎಂ-ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು) ಗುಡಿಸಿ ತುಂಬಿ.

ಹನಿ ನೀರಾವರಿ
ಕಲ್ಲು ಕೂರಿಸುವ ಮೊದಲು ಪೈಪಿನ ಕೆಲಸ ಮುಗಿಸಿ, ದಯವಿಟ್ಟು. ಅಗೆದ ತಳಕ್ಕಿಂತ 4 ಇಂಚು ಕೆಳಗೆ ದಾರಿಗೆ ಅಡ್ಡಲಾಗಿ 2 ಇಂಚಿನ ಪಿವಿಸಿ ತುಂಡು ಹೂಳಿ, ಪ್ರತಿ 15 ಅಡಿಗೆ ಒಂದು. ಎರಡು ಕಡೆಯೂ ಅರ್ಧ ಅಡಿ ಹೊರಗೆ ಬರಲಿ. ಒಳಗೆ ನೈಲಾನ್ ಹಗ್ಗ ಎಳೆದು ಬಿಟ್ಟು, ಬಾಯಿಗೆ ಮುಚ್ಚಳ ಹಾಕಿ. ನಾಳೆ ಡ್ರಿಪ್ ಲೈನ್ ದಾಟಿಸಬೇಕಾದರೆ ಚಪ್ಪಡಿ ಕೀಳಬೇಕಾಗಿಲ್ಲ.

ಮಣ್ಣು ಗೊಬ್ಬರ
ಅಗೆದ ಮೇಲ್ಮಣ್ಣನ್ನು ಲಾರಿಗೆ ಹಾಕಿ ಕಳಿಸಬೇಡಿ, ಮಡಿಗೆ ಅದೇ ಬೇಕು. ಆದರೆ ಜೇಕು, ಗರಿಕೆ ಇದ್ದರೆ ಮೊದಲು ಜರಡಿ ಹಿಡಿದು ಗಡ್ಡೆ ಆರಿಸಿ. ಜೇಕಿನ ಒಂದು ಗಡ್ಡೆ ಉಳಿದರೂ ಕಲ್ಲಿನ ಸಂದಿಯಿಂದ ತಲೆ ಎತ್ತುತ್ತೆ.

ಮಡಿಗಳ ನಡುವಿನ ಒಂದೂವರೆ ಅಡಿ ಓಣಿಗಳಿಗೂ ಚಪ್ಪಡಿ ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ಕಲ್ಲು ಕಾದು ಪಕ್ಕದ ಸೊಪ್ಪು ಬಾಡುತ್ತೆ. ನಮ್ಮ ಜಿಲ್ಲೆಯಲ್ಲಿ ತೆಂಗಿನಕಾಯಿ ಮಟ್ಟೆಗೆ ಬರವಿಲ್ಲ. ಸಿಪ್ಪೆ ಮೇಲಾಗುವಂತೆ ಬೋರಲು ಹಾಕಿ. ನಾರು ಮೇಲಿದ್ದರೆ ತೊಟ್ಟಿಯಂತೆ ನೀರು ಹಿಡಿದು ಸೊಳ್ಳೆ ಆಗುತ್ತೆ.

ಬಡಾವಣೆ ತೋಟ, ತುಮಕೂರು
ತುಂಬಾ ಉಪಕಾರ ಆಯಿತು. ಯಾವ ತಿಂಗಳು ಶುರು ಮಾಡೋದು ಒಳ್ಳೇದು? ಕಲ್ಲು ಸರಿಯಾಗಿ ಕೂತಿದೆ ಅಂತ ನೋಡೋದು ಹೇಗೆ?

ಕಲ್ಲುಕೆಲಸ
ಫೆಬ್ರವರಿ, ಮಾರ್ಚ್. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿಗೆ. ಅಷ್ಟರಲ್ಲಿ ಮುಂಗಾರಿನ ಸಣ್ಣ ಮಳೆಗಳಿಗೆ ತಳ ಕೂತು, ಎಲ್ಲಿ ಇಳಿದಿದೆ ಅಂತ ಕಾಣುತ್ತೆ. ಒಣಗಿದ ಕೆಮ್ಮಣ್ಣಿಗೆ ಹಾರೆ ಇಳಿಯಲ್ಲ, ಹಿಂದಿನ ಸಂಜೆ ನೀರು ಬಿಡಿ.

ಪ್ರತಿ ಕಲ್ಲಿನ ನಾಲ್ಕೂ ಮೂಲೆಗೆ ಮರದ ಸುತ್ತಿಗೆಯಿಂದ ತಟ್ಟಿ. ಸದ್ದು ಗಟ್ಟಿಯಾಗಿದ್ದರೆ ಸರಿ. ಡಬಡಬ ಅಂದರೆ ಕೆಳಗೆ ಪೊಳ್ಳು. ಅಂಥ ಕಲ್ಲಿನ ಕೆಳಗೆ ಬರೀ ಬದಿಯಿಂದ ಪುಡಿ ತುರುಕಿದರೆ ಮತ್ತೆ ಇಳಿಯುತ್ತೆ. ಪೂರ್ತಿ ಎತ್ತಿ, ಪುಡಿ ಕೆದಕಿ, ಮಟ್ಟ ಮಾಡಿ ಮತ್ತೆ ಕೂರಿಸಿ. ಮೊದಲ ದೊಡ್ಡ ಮಳೆ ಆದಮೇಲೆ ಸಂದಿಗೆ ಇನ್ನೊಂದು ಸುತ್ತು ಎಂ-ಸ್ಯಾಂಡ್ ಬೇಕಾಗುತ್ತೆ. ಎರಡು ಚೀಲ ಎತ್ತಿಟ್ಟಿರಿ.