ಲ್ಯಾಕರ್‌ಗೆ ‘ಅರಗು’ ಅನ್ನಬಹುದಾ? (ಚೀನಿ ಚಿತ್ತಾರದ ಹಳೇ ಪೆಟ್ಟಿಗೆಗಳ ವಿಷಯ)

ಗೆಳೆಯರೇ, ಹಳೇ ಮರದ ಸಾಮಾನುಗಳ ಒಂದು ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ನಮ್ಮ ದೇಶದಲ್ಲೇ ಮಾಡಿ, ಮೇಲೆ ಚೀನಾದವರ ಹಾಗೆ ಚಿತ್ರ ಬರೆದು, ಲ್ಯಾಕರ್ (ಮರಕ್ಕೆ ಬಳಿಯುವ ಹೊಳಪಿನ ಗಟ್ಟಿ ಲೇಪ) ಹಾಕಿದ ಪೆಟ್ಟಿಗೆ, ಮೇಜುಗಳು. ಲ್ಯಾಕರ್‌ಗೆ ‘ಮೆರುಗೆಣ್ಣೆ’ ಅಂತ ಬರೆಯೋಣ ಅಂದರೆ ವಾರ್ನಿಷ್‌ಗೂ ನಾವು ಅದನ್ನೇ ಹೇಳುತ್ತೇವೆ. ‘ಅರಗು’ ಸರಿ ಅಂತ ನನಗೆ ಅನ್ನಿಸುತ್ತೆ, ಆದರೆ ಅರ್ಧ ಮಾತ್ರ.

ಯಾಕಂದರೆ ನಮ್ಮ ಅರಗು ಹುಳದ್ದು. ಕೊಂಬೆಗೆ ಅಂಟಿಕೊಂಡು ಬದುಕುವ ಪುಟ್ಟ ಹುಳ ಬಿಡುವ ಅಂಟು. ಚೀನಾ, ಜಪಾನಿನವರದು ಮರದ ಹಾಲು. ಅದು ತೇವ ಇರುವ ಗಾಳಿಯಲ್ಲಿ ಗಟ್ಟಿಯಾಗುತ್ತೆ, ಆಮೇಲೆ ಬಿಸಿಗೂ ಸ್ಪಿರಿಟ್‌ಗೂ ಜಗ್ಗುವುದಿಲ್ಲ. ಅದನ್ನು ಬಳಿದ ಬಟ್ಟಲಲ್ಲಿ ಅವರು ಬಿಸಿ ಸಾರು ಕುಡಿಯುತ್ತಾರೆ. ನಮ್ಮದು ಬಿಸಿ ತಾಗಿದರೆ ಮೆತ್ತಗಾಗುತ್ತೆ. ಚನ್ನಪಟ್ಟಣದಲ್ಲಿ ಮಾಡುವುದೂ ಇದನ್ನೇ ಅಲ್ವಾ? ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಕರಗಿ ಹತ್ತಿಕೊಳ್ಳುತ್ತೆ. ಆದರೆ ಹಾಗೆ ಮಾಡಲು ವಸ್ತು ಗುಂಡಗಿರಬೇಕು, ಮೇಜಿನ ಕಾಲಿಗೆ ಆದೀತು, ಚಪ್ಪಟೆ ಮುಚ್ಚಳಕ್ಕೆ ಆಗಲ್ಲ, ಅದಕ್ಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿಯಬೇಕು.

ನಾನು ಕೈಯಲ್ಲಿ ಹಿಡಿದು ನೋಡಿದ ಒಂದು ಪೆಟ್ಟಿಗೆ ಹೇಳುತ್ತೇನೆ. ಕಪ್ಪು ಮೈ, ಬಂಗಾರದ ಬಣ್ಣದ ಸೇತುವೆ, ಮೂಲೆ ಮೇಲಕ್ಕೆತ್ತಿದ ಮಾಳಿಗೆ, ಕೊಡೆ ಹಿಡಿದ ಒಬ್ಬ. ಪಕ್ಕದ ಮರ ಮಾತ್ರ ಅಪ್ಪಟ ನಮ್ಮ ಬಾಳೆ! ಬರೆದವನು ಚೀನಾ ನೋಡಿರಲಿಕ್ಕಿಲ್ಲ, ಪಿಂಗಾಣಿ ತಟ್ಟೆ ನೋಡಿರಬಹುದು. ಮುಚ್ಚಳದ ಮೇಲೆ ಒಂದು ಬಿಳೀ ಉಂಗುರ, ಯಾರೋ ಪುಣ್ಯಾತ್ಮರು ಬಿಸಿ ಕಾಫಿ ಲೋಟ ಇಟ್ಟದ್ದು. ಆ ಉಂಗುರ ನೋಡಿದ ಮೇಲೆ ಇದು ಹುಳದ ಅರಗೇ ಅಂತ ನನಗೆ ಅನುಮಾನ ಉಳಿಯಲಿಲ್ಲ.

ತಮಾಷೆ ಅಂದರೆ ಲ್ಯಾಕರ್ ಅನ್ನೋ ಹೆಸರೇ ಇಲ್ಲಿಂದ ಹೋದದ್ದು. ಸಂಸ್ಕೃತದ ಲಾಕ್ಷಾ, ಹಿಂದಿಯ ಲಾಖ್, ಅದು ಪೋರ್ಚುಗೀಸರ ಬಾಯಿಗೆ ಬಿದ್ದು, ಕೊನೆಗೆ ಚೀನಾದ ಮರದ ಹಾಲಿಗೆ ಅಂಟಿಕೊಂಡಿತು. ಇನ್ನೊಂದು ಗೊಂದಲ ಕೋರಮಂಡಲದ್ದು, ಅಂದರೆ ನಮ್ಮ ಚೋಳಮಂಡಲ ಕರಾವಳಿಯ ಹೆಸರಿನದು. ಕೋರಮಂಡಲ್ ಲ್ಯಾಕರ್ ಅನ್ನುವ ಮಡಿಸುವ ತೆರೆಗಳು, ಹೆಚ್ಚಾಗಿ 12 ಹಲಗೆಯವು, 17ನೇ ಶತಮಾನದಿಂದ ಚೀನಾದಲ್ಲೇ ಆದವು. ನಮ್ಮ ಪೂರ್ವ ಕರಾವಳಿಯ ಬಂದರುಗಳ ಮೇಲೆ ಯುರೋಪಿಗೆ ಹೋದವು ಅಂತ ಹೆಸರು ಹಾಗೆ ಬಂತು. ಚೋಳಮಂಡಲಕ್ಕೂ ಆ ಕೆಲಸಕ್ಕೂ ಸಂಬಂಧ ಇಷ್ಟೇ. ಜಾವಾದ ಬಂದರಿನ ಹೆಸರಲ್ಲಿ ಇಂಗ್ಲಿಷಿನವರು ಅದನ್ನೇ ‘ಬಾಂಟಮ್ ಕೆಲಸ’ ಅಂತಲೂ ಕರೆದರು. ಹಾಗಾಗಿ ‘ಕೋರಮಂಡಲದ ಅರಗು’ ಅಂತ ಬರೆದರೆ ಎರಡೂ ಪದ ತಪ್ಪು!

ನಾನು ಸದ್ಯಕ್ಕೆ ನಮ್ಮದಕ್ಕೆ ‘ಚೀನಿ ಚಿತ್ತಾರದ ಅರಗಿನ ಪೆಟ್ಟಿಗೆ’, ಅಲ್ಲಿಂದ ಬಂದದ್ದಕ್ಕೆ ‘ಚೀನಾದ ಲ್ಯಾಕರ್ ಪೆಟ್ಟಿಗೆ’ ಅಂತ ಇಟ್ಟಿದ್ದೇನೆ. ‘ಚೀನಿ ಶೈಲಿಯ ಅಲಂಕರಣ’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತೆ. ‘ಅರಗಿನ ಪೆಟ್ಟಿಗೆ’ ಅಂದಾಗ ಅರಗಿನ ಮನೆ ನೆನಪಾಗಿ, ಇಡೀ ಪೆಟ್ಟಿಗೆಯೇ ಅರಗಿನದು ಅಂತ ಓದುಗರು ತಿಳಿಯುತ್ತಾರಾ? ಆಗ ‘ಅರಗು ಬಳಿದ’ ಅನ್ನಬೇಕಾ? ನಿಮ್ಮ ಕಡೆ ಹಳೇ ಬಡಗಿಗಳು ಫ್ರೆಂಚ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯಲ್ಲಿ ಉಜ್ಜಿ ಹೊಳಪು ಬರಿಸುವುದು) ಅನ್ನೋ ಮಾತು ಬರುವ ಮೊದಲು ಮರಕ್ಕೆ ಅರಗು ಬಳಿಯುವ ಕೆಲಸಕ್ಕೆ ಏನಂತಿದ್ದರು?