ಗ್ರಾಮಸಭೆಯಲ್ಲಿ ಜನರಿಗೆ ಮುಟ್ಟುವಂತೆ ಮಾತನಾಡುವುದು ಹೇಗೆ?

ಪ್ರಶ್ನೆ: ತರೀಕೆರೆ ಕಡೆಯ ಇಂಜಿನಿಯರ್

ನಾನು ಗ್ರಾಮೀಣ ಕುಡಿಯುವ ನೀರು ವಿಭಾಗದಲ್ಲಿ ಕಿರಿಯ ಇಂಜಿನಿಯರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ಅಂದರೆ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಯೋಜನೆಯನ್ನು ಗ್ರಾಮಸಭೆಗಳಲ್ಲಿ ವಿವರಿಸುವ ಹೊಣೆ ನನ್ನದಾಗಿದೆ. ತೊಟ್ಟಿಯ ಸಾಮರ್ಥ್ಯ, ಪೈಪಿನ ಅಳತೆ, ತಲಾ ದಿನಕ್ಕೆ 55 ಲೀಟರ್ ಎಂಬ ಲೆಕ್ಕ, ಇವುಗಳಲ್ಲಿ ಯಾವುದನ್ನು ಕೇಳಿದರೂ ಹೇಳಬಲ್ಲೆ. ಆದರೆ ಟಿಪ್ಪಣಿ ನೋಡಿಕೊಂಡು ಮಾತು ಆರಂಭಿಸಿದ ಸ್ವಲ್ಪ ಹೊತ್ತಿಗೇ ಜನ ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳತೊಡಗುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರಾದರೂ ಎದ್ದು, ‘ಪೈಪಿಗೆ ಅಂತ ಅಗೆದ ರಸ್ತೆ ಯಾವಾಗ ಮುಚ್ತೀರಿ? ನೀರಿಗೆ ಮೀಟರ್ ಯಾಕೆ?’ ಎಂದು ಕೇಳಿದರೆ ನನ್ನ ಮಾತಿನ ಎಳೆ ಕಡಿದುಹೋಗುತ್ತದೆ. ಕೈಯನ್ನು ಹೇಗೆ ಆಡಿಸಬೇಕು, ಹೇಗೆ ನಿಲ್ಲಬೇಕು ಎಂಬ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ನನಗೆ ಬೇಕಾದದ್ದು ಎದುರಿಗೆ ಕುಳಿತವರಿಗೆ ವಿಷಯ ತಲುಪಿಸುವ ದಾರಿ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಉಡುಪಿಯ ಹವ್ಯಾಸಿ ಅರ್ಥಧಾರಿ

ನಿಮ್ಮ ಎಳೆ ಕಡಿಯುವುದು ಪ್ರಶ್ನೆಯಿಂದಲ್ಲ. ಮಾತನ್ನು ಸಾಲು ಸಾಲಾಗಿ ಕಟ್ಟಿಕೊಂಡು ಹೋಗುವುದರಿಂದ. ಯಕ್ಷಗಾನದ ಮಾತಿನ ರೂಪವಾದ ನಮ್ಮ ಕರಾವಳಿಯ ತಾಳಮದ್ದಳೆಯನ್ನು ಒಮ್ಮೆ ಈ ದೃಷ್ಟಿಯಿಂದ ಕೇಳಿ ನೋಡಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಕುಳಿತಲ್ಲಿಂದಲೇ ಅರ್ಥಧಾರಿ ಆ ಪದಕ್ಕೆ ಆಶುವಾಗಿ ಅರ್ಥ ಹೇಳಬೇಕು, ಎದುರು ಪಾತ್ರದವನು ಏನು ಕೇಳುತ್ತಾನೆಂಬುದು ಮೊದಲೇ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ಮೊದಲಾದವರ ವಾಗ್ವೈಭವವನ್ನು ಜನ ಇಂದಿಗೂ ನೆನೆಯುತ್ತಾರೆ. ಆದರೆ ಈ ಕಲೆಯಲ್ಲಿ ಮಾತಿಗಿಂತ ಮೊದಲು ಬೇಕಾದದ್ದು ಕಿವಿ ಎಂದು ನನ್ನ ನಂಬಿಕೆ.

‘ವಾಲಿವಧೆ’ಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ, ‘ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?’ ಎಂದು ರಾಮನನ್ನು ಕೇಳುತ್ತಾನೆ. ಸಾಮಾನ್ಯ ಅರ್ಥಧಾರಿಯ ರಾಮ ಕೂಡಲೇ ತನ್ನ ಸಮರ್ಥನೆಗೆ ಇಳಿಯುತ್ತಾನೆ. ಪಳಗಿದ ರಾಮ ಮೊದಲು ವಾಲಿಯ ಆಕ್ಷೇಪವನ್ನು ವಾಲಿಗಿಂತಲೂ ಸ್ಪಷ್ಟವಾಗಿ ಎತ್ತಿ ಹೇಳಿ, ‘ನಿನ್ನ ನೋವು ಇದೇ ತಾನೇ?’ ಎಂದು ಕೇಳಿ, ಆಮೇಲೆ ಉತ್ತರಕ್ಕೆ ತೊಡಗುತ್ತಾನೆ. ಶಾಸ್ತ್ರದಲ್ಲಿ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮಂಡಿಸದೆ ಸಿದ್ಧಾಂತಕ್ಕೆ ಹೋಗಬಾರದು ಎನ್ನುವುದು ಇದೇ ಕ್ರಮ. ರಸ್ತೆಯ ಪ್ರಶ್ನೆ ಬಂದಾಗ ನೀವೂ ಹಾಗೆಯೇ ಮಾಡಿ: ‘ಮಳೆ ಬಂದರೆ ಮಕ್ಕಳು ಶಾಲೆಗೆ ಹೋಗುವ ದಾರಿಯೇ ಕೆಸರಾಗುತ್ತದೆ, ಅದನ್ನು ತಾನೇ ಹೇಳುತ್ತಿರುವುದು?’ ಕೇಳಿದವರು ತಲೆಯಾಡಿಸಿದ ಮೇಲೆ ನಿಮ್ಮ ಮಾತಿಗೂ ಜಾಗವಾಗುತ್ತದೆ. ಇನ್ನು ಟಿಪ್ಪಣಿಯ ಬದಲು ಪ್ರಸಂಗದ ನಡೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ: ಎಲ್ಲಿಂದ ಹೊರಟೆ, ಎಲ್ಲಿಗೆ ಮುಟ್ಟಬೇಕು, ನಡುವೆ ಬಿಡಬಾರದ ಎರಡು ಮೂರು ಸಂಗತಿ ಯಾವುವು ಎಂಬುದು ಸಾಕು. ನಡುವೆ ಯಾರು ತಡೆದರೂ ಮತ್ತೆ ದಾರಿಗೆ ಬರಬಹುದು.

ಉತ್ತರ 2: ಭದ್ರಾವತಿಯ ನಿವೃತ್ತ ಕೃಷಿ ಅಧಿಕಾರಿ

ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಅಗತ್ಯ. ತಾಳಮದ್ದಳೆಯಲ್ಲಿ ವಾದವನ್ನು ಗೆದ್ದವನಿಗೆ ಚಪ್ಪಾಳೆ ಬೀಳುತ್ತದೆ. ಗ್ರಾಮಸಭೆಯಲ್ಲಿ ಅಧಿಕಾರಿ ವಾದ ಗೆದ್ದರೆ ಜನ ಸುಮ್ಮನಾಗುತ್ತಾರೆ, ಒಪ್ಪಿರುವುದಿಲ್ಲ; ಮುಂದಿನ ಸಭೆಗೆ ಬರುವುದನ್ನೇ ಬಿಡುತ್ತಾರೆ.

ನಾನು ಇಲ್ಲಿನ ಆಕಾಶವಾಣಿಯಲ್ಲಿ ರೈತರಿಗಾಗಿ ಭಾಷಣಗಳನ್ನು ಮಾಡುತ್ತಿದ್ದೆ. ಓದುವವರಿಗೆ ಅರ್ಥವಾಗದಿದ್ದರೆ ಕಣ್ಣನ್ನು ಹಿಂದಿನ ಸಾಲಿಗೆ ಒಯ್ಯಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ವಾಕ್ಯ ಉದ್ದವಾದಷ್ಟೂ ಏನಾಯಿತು ಎಂದು ತಿಳಿಯಲು ಕೇಳುಗ ಕಾಯುತ್ತಲೇ ಇರಬೇಕಾಗುತ್ತದೆ. ‘ಸದರಿ ಯೋಜನೆಯಡಿಯಲ್ಲಿ ಪ್ರತಿ ಗ್ರಾಮೀಣ ಕುಟುಂಬಕ್ಕೆ ತಲಾ 55 ಲೀಟರ್ ಪ್ರಮಾಣದಲ್ಲಿ ಶುದ್ಧ ಕುಡಿಯುವ ನೀರನ್ನು ಕಾರ್ಯಾತ್ಮಕ ನಳ ಸಂಪರ್ಕದ ಮೂಲಕ ಒದಗಿಸಲು ಕ್ರಮ ಕೈಗೊಳ್ಳಲಾಗಿರುತ್ತದೆ’ ಎಂಬ ಕಚೇರಿಯ ಕನ್ನಡ ಕಡತದಲ್ಲಿ ನಡೆಯುತ್ತದೆ, ಸಭೆಯಲ್ಲಿ ನಡೆಯುವುದಿಲ್ಲ. ಅದನ್ನೇ ಹೀಗೆ ಹೇಳಿ ನೋಡಿ: ‘ನಿಮ್ಮ ಮನೆಗೇ ನಲ್ಲಿ ಬರುತ್ತದೆ. ಒಬ್ಬರಿಗೆ ದಿನಕ್ಕೆ 55 ಲೀಟರ್. ಹದಿನೈದು ಲೀಟರಿನ ಕೊಡವಾದರೆ ಹತ್ತಿರ ಹತ್ತಿರ ನಾಲ್ಕು ಕೊಡ. ಐದು ಜನರ ಮನೆಗೆ ಹದಿನೆಂಟು ಕೊಡ.’ ಬೋರ್‌ವೆಲ್‌ನಿಂದ ನೀರು ಹೊತ್ತು ತಂದವರು ಹದಿನೆಂಟು ಕೊಡದ ಲೆಕ್ಕವನ್ನು ತಕ್ಷಣ ಹಿಡಿಯುತ್ತಾರೆ, 275 ಲೀಟರ್ ಎಂದರೆ ಅಷ್ಟು ಬೇಗ ಹಿಡಿಯುವುದಿಲ್ಲ. ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಕೇಳಿ. ಎಲ್ಲಿ ನಿಮಗೇ ಉಸಿರು ಸಾಲದೆ ಹೋಗುತ್ತದೋ ಅಲ್ಲಿ ವಾಕ್ಯವನ್ನು ಒಡೆಯಬೇಕು.

ಉತ್ತರ 3: ಒಬ್ಬ ಪಂಚಾಯತಿ ಅಭಿವೃದ್ಧಿ ಅಧಿಕಾರಿ

ಸರ್, ನಿಮ್ಮಂಥ ಇಂಜಿನಿಯರುಗಳನ್ನು ಸಭೆಗೆ ಕರೆಸುವವಳು ನಾನು, ಆದ್ದರಿಂದ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ. ಮೀಟರಿನ ವಿಷಯವನ್ನು ಭಾಷಣದ ಕೊನೆಗೆ ಇಟ್ಟುಕೊಳ್ಳಬೇಡಿ. ಜನ ಬಂದಿರುವುದೇ ‘ಬಿಲ್ಲು ಎಷ್ಟು ಬರುತ್ತದೆ’ ಎಂಬ ಆತಂಕದಿಂದ. ಆ ಆತಂಕ ಇಳಿಯುವವರೆಗೆ ತೊಟ್ಟಿಯ ಸಾಮರ್ಥ್ಯವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಸಭೆಯ ಹಿಂದಿನ ದಿನವೇ ಒಂದು ಸುತ್ತು ಓಣಿಗಳಲ್ಲಿ ನಡೆದು ಬನ್ನಿ. ನೀರುಗಂಟಿಯನ್ನು ಮಾತನಾಡಿಸಿ, ಯಾವ ಓಣಿಗೆ ನೀರು ಏರುವುದಿಲ್ಲ, ಎಲ್ಲಿ ರಸ್ತೆ ಬಾಯ್ದೆರೆದು ಬಿದ್ದಿದೆ ಎಂದು ನೋಡಿಕೊಳ್ಳಿ. ಮರುದಿನ ಸಭೆಯಲ್ಲಿ ನೀವು ‘ಮಾರಿಗುಡಿಯ ಹಿಂದಿನ ಏರಿನ ಮನೆಗಳಿಗೆ’ ಎಂದು ಹೆಸರು ಹಿಡಿದು ಮಾತು ಎತ್ತಿದರೆ ಗದ್ದಲ ತಾನಾಗಿಯೇ ಇಳಿಯುತ್ತದೆ.

ಇನ್ನೊಂದು ವಿಷಯ, ಇದು ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು. ಮನೆಗೆ ನೀರು ತರುವವರು ಹೆಂಗಸರು, ಸಭೆಯಲ್ಲಿ ಕಂಬದ ಹಿಂದೆ ಕೂರುವವರೂ ಅವರೇ. ಮೈಕು ಮುಂದಿನ ಸಾಲಿನ ಗಂಡಸರ ಕೈಯಲ್ಲೇ ತಿರುಗುತ್ತಿರುತ್ತದೆ. ನೀವು ವೇದಿಕೆಯಿಂದ ಇಳಿದು ಅವರ ಬಳಿ ಹೋಗಿ, ‘ಅಕ್ಕಾ, ನಿಮ್ಮ ಓಣಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಆ ಮೌನಕ್ಕೆ ಹೆದರಿ ನೀವೇ ಮಾತು ತುಂಬಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕೊಡದ ಲೆಕ್ಕವನ್ನೂ, ಮೀಟರನ್ನು ಮೊದಲೇ ಎತ್ತಿಕೊಳ್ಳುವ ಕ್ರಮವನ್ನೂ ಮುಂದಿನ ಸಭೆಯಲ್ಲಿಯೇ ಬಳಸುತ್ತೇನೆ. ಒಂದು ಅನುಮಾನ ಉಳಿದಿದೆ. ರಸ್ತೆ ದುರಸ್ತಿ ಗುತ್ತಿಗೆದಾರರ ಕೆಲಸ, ಅದರ ದಿನಾಂಕವನ್ನು ನಾನು ನಿಗದಿ ಮಾಡಲಾರೆ. ಹಾಗಿರುವಾಗ ‘ಯಾವಾಗ?’ ಎಂಬ ಪ್ರಶ್ನೆಗೆ ಏನು ಹೇಳಬೇಕು?

ಉತ್ತರ: ಪಂಚಾಯತಿ ಅಭಿವೃದ್ಧಿ ಅಧಿಕಾರಿ

‘ಶೀಘ್ರದಲ್ಲೇ’ ಎಂದು ಮಾತ್ರ ಹೇಳಬೇಡಿ. ಆ ಪದವನ್ನು ಹಳ್ಳಿಯ ಜನ ಕೇಳಿ ಕೇಳಿ ಸೋತಿದ್ದಾರೆ. ರಸ್ತೆ ಮುಗಿಯುವ ದಿನ ನಿಮಗೆ ಗೊತ್ತಿಲ್ಲದಿದ್ದರೂ, ಉತ್ತರ ತರುವ ದಿನವನ್ನು ನೀವು ನಿಗದಿ ಮಾಡಬಹುದು. ‘ದಿನಾಂಕ ಹೇಳುವ ಅಧಿಕಾರ ನನಗಿಲ್ಲ. ಗುತ್ತಿಗೆದಾರರಿಂದ ಲಿಖಿತ ಉತ್ತರ ಪಡೆದು ಬರುವ ಸೋಮವಾರದೊಳಗೆ ಪಂಚಾಯತಿ ಕಚೇರಿಯ ಬೋರ್ಡಿನಲ್ಲಿ ಹಾಕಿಸುತ್ತೇನೆ’ ಎಂದು ಹೇಳಿ. ಕೇಳಿದವರ ಹೆಸರನ್ನೂ ಪ್ರಶ್ನೆಯನ್ನೂ ಅವರ ಮಾತಿನಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಅಲ್ಲೇ ಓದಿ ಹೇಳಿಸಿ. ಉತ್ತರ ಏನೇ ಬಂದರೂ, ಬರದೇ ಹೋದರೂ, ಸೋಮವಾರ ಆ ಬೋರ್ಡಿನಲ್ಲಿ ಒಂದು ಹಾಳೆ ಇರಲೇಬೇಕು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಮೊದಲ ಮಾತು ಆ ಹಾಳೆಯ ಬಗ್ಗೆಯೇ ಇರಲಿ.